ಹಾಲಿಲ್ಲ ಅನ್ನುವ ಮೊದಲು ಒಂದು ಸಲ ಕೂತು ನೋಡಿ

ಹೆರಿಗೆ ವಾರ್ಡಿನಲ್ಲಿ 31 ವರ್ಷ ದಾದಿಯಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಬಾಣಂತಿಯರ ಮತ್ತು ಮನೆಯವರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊದಲ ಮೂರು ವಾರದ ತಾಯಂದಿರವು. ಹೆಚ್ಚಿನವು ರಾತ್ರಿ ಎರಡು ಮೂರು ಗಂಟೆಗೆ ಬರೆದವು ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಪೆನ್ನು. ಒಂದು ಪತ್ರದ ಮೇಲಂತೂ ಹಾಲಿನ ಕಲೆಯೇ ಇದೆ. ಅದರಿಂದಲೇ ಶುರುಮಾಡುತ್ತೇನೆ.

ಪ್ರಶ್ನೆ: ಅಕ್ಕಾ, ಇದು ನನಗೆ ಮೊದಲ ಹೆರಿಗೆ, ಸಿಸೇರಿಯನ್ ಆಯಿತು. ಮಗಳಿಗೆ ಇವತ್ತಿಗೆ ಆರು ದಿನ. ಹುಟ್ಟಿದಾಗ 3 ಕಿಲೋ 100 ಗ್ರಾಂ ಇದ್ದವಳು ನಾಲ್ಕನೇ ದಿನ 2 ಕಿಲೋ 860 ಗ್ರಾಂಗೆ ಇಳಿದಳು. ನನ್ನ ಎರಡೂ ತೊಟ್ಟು ಬಿರಿದು ರಕ್ತ ಜಿನುಗುತ್ತಿದೆ. ಅವಳು ಬಾಯಿ ಹಾಕಿದ ಕೂಡಲೇ ಕಾಲ್ಬೆರಳು ಮುದುಡಿಕೊಳ್ಳುವಷ್ಟು ನೋವು. ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಎದೆ ಬಿಡುವುದೇ ಇಲ್ಲ, ಕೆಳಗೆ ಮಲಗಿಸಿದರೆ ಅಳು. ಪಂಪ್ ಹಾಕಿ ನೋಡಿದೆ, 15 ಎಂಎಲ್ ಬಂತು. 'ನಿನಗೆ ಹಾಲಿಲ್ಲ, ಡಬ್ಬಿ ಹಾಲು ಹಾಕು' ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ನನಗೆ ನಿಜವಾಗಿಯೂ ಹಾಲಿಲ್ಲವೇ?
— ಆರು ದಿನದ ಅಮ್ಮ

ಉತ್ತರ: ಈ ಸಂಚಿಕೆ ಕೈಗೆ ಸಿಗುವ ಹೊತ್ತಿಗೆ ನಿಮ್ಮ ಮಗಳಿಗೆ ತಿಂಗಳು ತುಂಬಿರುತ್ತದೆ. ಅದಕ್ಕೇ ಪತ್ರ ಓದಿದ ದಿನವೇ ಫೋನ್ ಮಾಡಿದ್ದೆ. ಆವತ್ತು ನಾವಿಬ್ಬರೂ ಮಾತಾಡಿದ್ದನ್ನೇ, ನಿಮ್ಮ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 3,100 ಗ್ರಾಂನಲ್ಲಿ 240 ಗ್ರಾಂ ಇಳಿದಿದೆ ಅಂದರೆ ಶೇ 8ಕ್ಕಿಂತ ಚೂರು ಕಡಿಮೆ. ಹುಟ್ಟಿದ ಮಕ್ಕಳು ಮೊದಲ ಮೂರು ನಾಲ್ಕು ದಿನ ತೂಕ ಕಳೆದುಕೊಳ್ಳುವುದು ಸಹಜ. ಶೇ 7ರವರೆಗೆ ಇಳಿದರೆ ನಾವು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 10 ದಾಟಿದರೆ ಆ ದಿನವೇ ಡಾಕ್ಟರ ಕಣ್ಣಿಗೆ ಬೀಳಬೇಕು. ನಿಮ್ಮ ಮಗಳು ಈ ಎರಡರ ನಡುವೆ ಇದ್ದಳು. ಗಾಬರಿ ಬೀಳುವಂಥದ್ದಲ್ಲ, ಹಾಗಂತ ಸುಮ್ಮನೆ ಕೂರುವಂಥದ್ದೂ ಅಲ್ಲ. ಸಿಸೇರಿಯನ್ ಹೊತ್ತಿಗೆ ತಾಯಿಗೆ ಏರಿಸಿದ ಡ್ರಿಪ್ಪಿನ ನೀರು ಒಂದಿಷ್ಟು ಮಗುವಿನ ಮೈಗೂ ಸೇರಿರುತ್ತದೆ, ಅದು ಉಚ್ಚೆಯಾಗಿ ಹೋದಾಗಲೂ ಮುಳ್ಳು ಕೆಳಗೆ ಬರುತ್ತದೆ. ಏನೇ ಇರಲಿ, ಅದು ನಾಲ್ಕನೇ ದಿನದ ತೂಕ. ನನಗೆ ಬೇಕಿದ್ದದ್ದು ನಾವು ಮಾತಾಡಿದ ಮರುದಿನದ ತೂಕ: ಅದೇ ತಕ್ಕಡಿಯಲ್ಲಿ, ಮೈಮೇಲೆ ಬಟ್ಟೆಯಿಲ್ಲದೆ ತೂಗಿದ್ದು. ಐದನೇ ದಿನದಿಂದಾಚೆಗೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತ ಹೋಗಬೇಕು, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಿರಬೇಕು.

ಆಮೇಲೆ ನಾನು ಕೇಳಿದ್ದು ನಿಮ್ಮ ಎದೆಯ ವಿಚಾರವನ್ನಲ್ಲ, ಮಗುವಿನ ಬಟ್ಟೆಯ ವಿಚಾರವನ್ನು. ಎಷ್ಟು ಒಳಗೆ ಹೋಯಿತು ಅಂತ ಎದೆಗೆ ಅಳತೆಪಟ್ಟಿ ಇಡಲಾಗುವುದಿಲ್ಲ. ಎಷ್ಟು ಹೊರಗೆ ಬಂತು ಅಂತ ಎಣಿಸಬಹುದು. ಮೊದಲ ದಿನ ಒಂದು ಒದ್ದೆ ಬಟ್ಟೆ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದನೇ ದಿನದ ಮೇಲೆ ಇಪ್ಪತ್ನಾಲ್ಕು ಗಂಟೆಗೆ ಆರಾದರೂ. ಡೈಪರ್ ಹಾಕುವವರಿಗೆ ಒದ್ದೆ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಒಣ ಡೈಪರಿಗೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ಎತ್ತಿ ನೋಡಿ, ಆ ಭಾರ ನೆನಪಿಟ್ಟುಕೊಳ್ಳಿ. ಇನ್ನು ಮಲ: ಮೊದಲೆರಡು ದಿನ ಡಾಂಬರಿನ ಹಾಗೆ ಕಪ್ಪು, ಅಂಟು; ಆಮೇಲೆ ಹಸಿರು; ನಾಲ್ಕೈದು ದಿನಕ್ಕೆ ಹಳದಿ, ನೀರುನೀರು. ಮೊದಲ ಎರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕಲೆ ಕಂಡರೆ ಹೆದರಬೇಡಿ, ಆದರೆ ಐದನೇ ದಿನವೂ ಅದೇ ಕಾಣುತ್ತಿದ್ದರೆ ಹಾಲು ಸಾಲುತ್ತಿಲ್ಲ ಅಂತಲೇ ಅರ್ಥ. ನೀವು ಹೇಳಿದ್ದು ಐದು ಒದ್ದೆ ಬಟ್ಟೆ, ಕಲೆ ಇಲ್ಲ, ಮಲ ಇನ್ನೂ ಹಸಿರು. ನನ್ನ ತಲೆಗೆ ಆಗಲೇ ಹೊಳೆಯಿತು: ಎದೆಯಲ್ಲಿ ಹಾಲಿದೆ, ಅದು ಮಗುವಿನ ಬಾಯಿಗೆ ಸರಿಯಾಗಿ ದಾಟುತ್ತಿಲ್ಲ.

ಇದು ಹೇಗೆ ಹೊಳೆಯಿತು ಅಂದರೆ, ನಾನೂ ಅನುಭವಿಸಿದವಳು. ನನ್ನ ದೊಡ್ಡ ಮಗ ಹುಟ್ಟಿದಾಗ ನನಗೆ ಆಗಲೇ ಮೂರು ವರ್ಷದ ಸರ್ವೀಸು. ವಾರ್ಡಿನಲ್ಲಿ ಬೇರೆಯವರಿಗೆ ಹಾಲು ಕೊಡುವುದು ಹೇಗೆ ಅಂತ ಪಾಠ ಹೇಳುತ್ತಿದ್ದವಳು. ಐದನೇ ದಿನ ಗೋಡೆ ಕಡೆ ಮುಖ ಮಾಡಿ, ದಿಂಬಿನ ಅಂಚು ಕಚ್ಚಿಕೊಂಡು ಹಾಲು ಕೊಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ನಾಚಿಕೆ. ಬಂದವರೆಲ್ಲ ಬಾಗಿಲಲ್ಲೇ ನಿಂತು 'ಹಾಲು ಬಂತಾ?' ಅಂತ ಕೇಳಿ ಹೋಗುತ್ತಿದ್ದರು. ಆಮೇಲೆ ಒಂದು ರಾತ್ರಿ ಡ್ಯೂಟಿಗೆ ಹಿರಿಯ ಸಿಸ್ಟರ್ ಒಬ್ಬರು ಬಂದರು. ಒಂದು ಸ್ಟೂಲು ಎಳೆದುಕೊಂಡು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತರು. ಇಪ್ಪತ್ತು ನಿಮಿಷ ಒಂದು ಮಾತಿಲ್ಲ. ಮಗ ಎದೆ ಬಿಟ್ಟ ತಕ್ಷಣ 'ತೊಟ್ಟು ತೋರಿಸು' ಅಂದರು. ತೋರಿಸಿದೆ. ಹೊಸ ಲಿಪ್‌ಸ್ಟಿಕ್ಕಿನ ತುದಿಯ ಹಾಗೆ ಒಂದು ಕಡೆಗೆ ಚಪ್ಪಟೆಯಾಗಿ, ಓರೆಯಾಗಿ ಬಿಳಿಚಿಕೊಂಡಿತ್ತು. 'ನಿನ್ನ ಮಗ ಕುಡೀತಿಲ್ಲ ಮಾರಾಯ್ತಿ, ಕಚ್ಚಿಕೊಂಡು ನೇತಾಡ್ತಿದಾನೆ' ಅಂದರು. ಅಷ್ಟು ದಿನದಲ್ಲಿ ನನ್ನ ಎದೆಯನ್ನು ಬಿಟ್ಟು ಮಗುವಿನ ಬಾಯಿ ನೋಡಿದ ಮೊದಲ ಮನುಷ್ಯಳು ಅವರು.

ಅವರು ನನಗೆ ತಿಳಿಸಿಕೊಟ್ಟ ರೀತಿಯಲ್ಲೇ ನಿಮಗೂ ಹೇಳಿದೆ. ನಿಮ್ಮ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಡಿ; ಬಾಯಿಯ ಅಂಗುಳ ಗಟ್ಟಿಯಾಗಿದೆ, ಎಲುಬು. ಹಾಗೇ ಹಿಂದಕ್ಕೆ ಜಾರಿಸುತ್ತ ಹೋಗಿ, ಒಂದು ಕಡೆ ಮೆತ್ತಗಾಗುತ್ತದೆ. ತೊಟ್ಟು ಆ ಮೆತ್ತನೆಯ ಜಾಗದವರೆಗೆ ಹೋಗಿ ಕೂತರೆ ನೋವಿಲ್ಲ. ಮುಂದಿನ ಗಟ್ಟಿ ಜಾಗದಲ್ಲೇ ನಿಂತರೆ ನಾಲಿಗೆಗೂ ಎಲುಬಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮಗು ತೊಟ್ಟನ್ನಷ್ಟೇ ಹಿಡಿದರೆ ಸಾಲದು. ಬಾಯಿ ತುಂಬ ಮೊಲೆ ಹಿಡಿಯಬೇಕು.

ಮಗುವಿನ ಹೊಟ್ಟೆ ನಿಮ್ಮ ಮೈಗೆ ಒತ್ತಿಕೊಂಡಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ಹೊರಳಿಸಿಕೊಂಡು ನಾವು ನೀರು ಕುಡಿದ ಹಾಗೆ ಆಗಬಾರದು. ನಿಮ್ಮ ತೊಟ್ಟು ಅವಳ ಬಾಯಿಗಲ್ಲ, ಮೂಗಿಗೆ ಎದುರಾಗಿರಲಿ. ತೊಟ್ಟಿನಿಂದ ಮೇಲ್ತುಟಿ ಸವರಿ, ಕಾಯಿರಿ. ಆಕಳಿಸುವಾಗ ತೆರೆದಷ್ಟು ಬಾಯಿ ಅಗಲವಾದಾಗ, ತಡಮಾಡದೆ ಭುಜದ ಹಿಂದಿನಿಂದ ಅವಳನ್ನು ನಿಮ್ಮ ಕಡೆಗೆ ತನ್ನಿ. ಗಲ್ಲ ಮೊದಲು ತಾಗಲಿ. ತಲೆಯ ಹಿಂಭಾಗಕ್ಕೆ ಕೈಯಿಟ್ಟು ಒತ್ತಬೇಡಿ, ಒತ್ತಿದರೆ ಮಕ್ಕಳು ಹಿಂದಕ್ಕೆ ಸೆಣೆಯುತ್ತವೆ. ಸರಿಯಾಗಿ ಹಿಡಿದಾಗ ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ತುಟಿಯ ಕಡೆ ಜಾಸ್ತಿ ಕಾಣುತ್ತದೆ, ಗಲ್ಲದ ಕಡೆ ಕಾಣುವುದೇ ಇಲ್ಲ. ಮೊದಲ ಅರ್ಧ ನಿಮಿಷ ಸೆಳೆದ ಹಾಗಾಗಬಹುದು, ಆಮೇಲೂ ಚುಚ್ಚುತ್ತಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಹಿಡಿತ ಬಿಡಿಸಿ ಮತ್ತೆ ಹಾಕಿ. ಐದು ಸಲ ಆದರೂ ಸರಿಯೇ. 'ಮೊದಮೊದಲು ಹಾಗೇ, ತಡ್ಕೋಬೇಕು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೋವು ಅಂದರೆ ಏನೋ ತಪ್ಪಿದೆ ಅಂತ ಮೈ ಹೇಳುತ್ತಿರುವುದು.

ಹೊಟ್ಟೆಯ ಹೊಲಿಗೆ ಮೇಲೆ ಮಗುವಿನ ಕಾಲು ಬಡಿಯುತ್ತದೆ ಅಂದಿರಿ. ಮಗುವಿನ ದೇಹ ನಿಮ್ಮ ಕಂಕುಳಡಿ, ಕಾಲು ಬೆನ್ನಿನ ಕಡೆ ಹೋಗುವಂತೆ, ಚೀಲವನ್ನು ಪಕ್ಕೆಗೆ ಅವುಚಿಕೊಂಡ ಹಾಗೆ ಹಿಡಿಯಿರಿ. ಇಲ್ಲವೇ ಪಕ್ಕಕ್ಕೆ ಮಲಗಿ ಕೊಡಿ.

ಈಗ ಕಿವಿಗೊಟ್ಟು ಕೇಳಿ. ಮೊದಲು ಪಟಪಟ ಸೀಪುತ್ತಾಳೆ; ಅದು ಹಾಲನ್ನು ಕರೆಯುವುದು. ಒಂದೆರಡು ನಿಮಿಷಕ್ಕೆ ಹಾಲು ಇಳಿಯುತ್ತದೆ, ಸೀಪುವುದು ನಿಧಾನವಾಗುತ್ತದೆ. ಗಲ್ಲ ಕೆಳಗಿಳಿದು ಅಲ್ಲೇ ಒಂದು ಗಳಿಗೆ ನಿಂತು ಮೇಲೇಳುತ್ತದೆ. ಆ ನಿಂತ ಗಳಿಗೆಯೇ ಒಂದು ಗುಟುಕು. ಹಿಂದೆಯೇ 'ಕಹ್' ಅನ್ನುವ ಸಣ್ಣ ಉಸಿರು. ಅದು ಕೇಳುತ್ತಿದ್ದರೆ ಹಾಲಿದೆ. ಒಂದು ಗಂಟೆ ಎದೆಯಲ್ಲಿದ್ದೂ ಗಲ್ಲ ಬರೀ ಅದುರುತ್ತಿದ್ದರೆ ಅದು ಊಟವಲ್ಲ. ಗುಟುಕು ಕಡಿಮೆಯಾದಾಗ ಮೊಲೆಯನ್ನು ಅಂಗೈಯಲ್ಲಿ ಮೃದುವಾಗಿ ಅದುಮಿ ಹಿಡಿದರೆ ಇನ್ನೊಂದಿಷ್ಟು ಗುಟುಕು ಸಿಗುತ್ತದೆ. ಅದೂ ನಿಂತ ಮೇಲೆ ಇನ್ನೊಂದು ಬದಿ.

ಪಂಪಿನ 15 ಎಂಎಲ್ ಮರೆತುಬಿಡಿ. ಮಗು ಕುಡಿದ ಮೇಲೆ, ನೋವಿನಲ್ಲಿ, ಹೆದರಿಕೊಂಡು ಪಂಪ್ ಹಾಕಿದರೆ ಯಾರಿಗೂ ಹೆಚ್ಚು ಬರುವುದಿಲ್ಲ. ಸಂಜೆ ಏಳರಿಂದ ಹನ್ನೊಂದರವರೆಗಿನ ಜಾತ್ರೆಯೂ ಹೊಸ ಮಕ್ಕಳಲ್ಲಿ ಸಾಮಾನ್ಯವೇ, ಸಾಲುಸಾಲಾಗಿ ಕುಡಿದು ಆಮೇಲೆ ಒಂದು ಉದ್ದ ನಿದ್ದೆ ತೆಗೆಯುತ್ತವೆ. ಆದರೆ ಹಗಲೂ ರಾತ್ರಿಯೂ ಹಾಗೇ ಆಗಿ, ಬಟ್ಟೆಯೂ ಒದ್ದೆಯಾಗದಿದ್ದರೆ ಅದು ಹಸಿವೇ.

ಬಿರಿದ ತೊಟ್ಟಿಗೆ ಸೋಪು ತಾಗಿಸಬೇಡಿ. ಕೊನೆಯ ಎರಡು ಹನಿ ಹಾಲನ್ನೇ ಸವರಿ ಗಾಳಿಗೆ ಬಿಡಿ, ಬೇಕಾದರೆ ಶುದ್ಧ ಲ್ಯಾನೊಲಿನ್ ಮುಲಾಮು ಹಚ್ಚಿ, ಅದನ್ನು ಒರೆಸಿ ತೆಗೆಯಬೇಕಿಲ್ಲ. ಬಾಯಿಡಿಸಲಾಗದಷ್ಟು ನೋವಿದ್ದರೆ ಒಂದೆರಡು ಹೊತ್ತು ಕೈಯಲ್ಲಿ ಹಿಂಡಿ, ಚಮಚದಲ್ಲೋ ಪುಟ್ಟ ಬಟ್ಟಲಲ್ಲೋ ಕುಡಿಸಿ. ಹಿಡಿತ ಸರಿಯಾದ ಮೇಲೂ ನೋವು ಹೋಗದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ತಂತು ಗಿಡ್ಡವಿದೆಯೇ ಅಂತ ತಿಳಿದವರು ನೋಡಬೇಕು. ಹಾಗಂತ ಎಲ್ಲ ನೋವಿಗೂ ಆ ತಂತುವನ್ನೇ ದೂರುವುದು ಬೇಡ, ಮೊದಲು ಭಂಗಿ.

ಡಬ್ಬಿ ಹಾಲಿನ ಮಾತು. ಮರುದಿನದ ತೂಕ ಇನ್ನೂ ಇಳಿದಿದ್ದರೆ ನಾನೇ 'ಮೇಲು ಹಾಲು ಕೊಡಿ' ಅನ್ನುತ್ತಿದ್ದೆ. ಹಸಿದ ಮಗು ಸುಸ್ತಾಗುತ್ತದೆ, ಸುಸ್ತಾದ ಮಗು ಚೆನ್ನಾಗಿ ಸೀಪುವುದಿಲ್ಲ. ಮಗುವಿನ ಹೊಟ್ಟೆ ಮೊದಲು. ನಿಮ್ಮದೇ ಹಿಂಡಿದ ಹಾಲು ಸಿಕ್ಕರೆ ಅದು, ಇಲ್ಲವಾದರೆ ಎದೆಹಾಲಿನ ಬ್ಯಾಂಕಿನ ದಾನದ ಹಾಲು, ಅದೂ ಇಲ್ಲವಾದರೆ ಫಾರ್ಮುಲಾ, ಡಾಕ್ಟರು ಹೇಳಿದಷ್ಟು. ಜೊತೆಗೆ ಎದೆಯಿಂದ ಹಾಲು ತೆಗೆಯುವುದು ನಿಲ್ಲಬಾರದು. ತೆಗೆದಷ್ಟೇ ಬರುವುದು, ಉಳಿಸಿದ್ದು ಕಡಿಮೆಯಾಗುತ್ತ ಹೋಗುವುದು ಎದೆಹಾಲಿನ ಗುಣ. ನಿಮ್ಮ ವಿಷಯದಲ್ಲಿ ಮೇಲು ಹಾಲಿನ ಅಗತ್ಯ ಬೀಳಲಿಲ್ಲ. ಹಾಲೂಡಿಸುವ ಸಲಹೆಗಾರ್ತಿಯೊಬ್ಬರು ಮನೆಗೆ ಬಂದು ಒಂದು ಪೂರ್ತಿ ಹೊತ್ತು ಕೂತು ನೋಡಿದರು. ಏಳನೇ ದಿನ 2,880, ಹದಿಮೂರನೇ ದಿನ 3,120. ಆ ಅಂಕಿಗಳನ್ನು ನೀವು ದೊಡ್ಡಕ್ಷರದಲ್ಲಿ ಬರೆದು ಕಳಿಸಿದ ಕಾಗದ ನನ್ನ ಮೇಜಿನ ಗಾಜಿನ ಕೆಳಗಿದೆ.

ಉಳಿದವರಿಗೆ ಒಂದು ಮಾತು. ಸಹಾಯಕ್ಕೆ ಯಾರನ್ನೇ ಕರೆಯಿರಿ, ಸೂಲಗಿತ್ತಿ ನರ್ಸ್ ಇರಲಿ, ಮಕ್ಕಳ ಡಾಕ್ಟರಿರಲಿ, ತರಬೇತಾದ ಸಲಹೆಗಾರ್ತಿಯಿರಲಿ, 'ಮಗು ಕುಡಿಯುವುದನ್ನು ಮೊದಲಿಂದ ಕೊನೆವರೆಗೆ ನೋಡುತ್ತೀರಾ?' ಅಂತ ಕೇಳಿ. ನೋಡದೆ ಪುಡಿಯನ್ನೋ ಮಾತ್ರೆಯನ್ನೋ ಬರೆದುಕೊಟ್ಟವರಿಗಿಂತ, ಮೂರು ಮಕ್ಕಳಿಗೆ ಹಾಲೂಡಿಸಿದ ಪಕ್ಕದ ಮನೆಯಾಕೆ ಎಷ್ಟೋ ವಾಸಿ. 1956ರಲ್ಲಿ ಅಮೆರಿಕದಲ್ಲಿ, ಹಾಲೂಡಿಸುವ ತಾಯಂದಿರಿಗೆ ನೆರವಾಗುವ ಲಾ ಲೆಚೆ ಲೀಗ್ ಸಂಘ ಶುರುಮಾಡಿದ್ದು ಅಂಥದೇ ಏಳು ಜನ ತಾಯಂದಿರು.

ಪ್ರಶ್ನೆ: ಹೆರಿಗೆಯಾಗಿ ನಾಲ್ಕನೇ ದಿನ. ಬೆಳಗ್ಗೆ ಎದ್ದಾಗ ಎದೆ ಕಲ್ಲಾಗಿದೆ, ಬಿಸಿ, ಕೈ ಎತ್ತಲಾಗುತ್ತಿಲ್ಲ. ತೊಟ್ಟು ಚಪ್ಪಟೆಯಾಗಿ ಮಗುವಿನ ಬಾಯಿಗೇ ಸಿಗುತ್ತಿಲ್ಲ, ಜಾರಿ ಜಾರಿ ಅಳುತ್ತಾನೆ. ಮೂರು ದಿನ ಹಾಲಿಲ್ಲ ಅಂತ ಅಳುತ್ತಿದ್ದೆ, ಈಗ ಹೆಚ್ಚಾಯಿತು ಅಂತ ಅಳುತ್ತಿದ್ದೇನೆ!

ಉತ್ತರ: ಮೂರು ದಿನವೂ ಹಾಲಿತ್ತು ತಾಯಿ. ಅದು ಚಮಚದಲ್ಲಿ ಅಳೆಯುವಷ್ಟು, ಅಷ್ಟೇ. ಮೊದಲ ದಿನ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದೂ ಐದಾರು ಎಂಎಲ್. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಕುಸಿಯುತ್ತದೆ, ಆಗ ಹಾಲು ತುಂಬಲು ಶುರುವಾಗುತ್ತದೆ; ಎದೆಗೆ ಅದು ತಿಳಿಯುವುದು ಎರಡರಿಂದ ನಾಲ್ಕನೇ ದಿನದ ನಡುವೆ. ಚೊಚ್ಚಲು, ಸಿಸೇರಿಯನ್, ಸಕ್ಕರೆ ಕಾಯಿಲೆ ಇದ್ದವರಿಗೆ ಒಂದೆರಡು ದಿನ ತಡ. ಬಿಗಿತಕ್ಕೆ ಹಾಲೊಂದೇ ಕಾರಣವಲ್ಲ, ಬಾವಿನ ನೀರೂ ಸೇರಿಕೊಂಡಿರುತ್ತದೆ. ಆದ್ದರಿಂದ ಬರೀ ಪಂಪ್ ಹಾಕಿ ಎಳೆದರೆ ಆ ನೀರು ತೊಟ್ಟಿನ ಕಡೆಗೇ ಬಂದು ಇನ್ನೂ ಬಿಗಿಯುತ್ತದೆ.

ಹೀಗೆ ಮಾಡಿ. ಸ್ವಲ್ಪ ಹಿಂದಕ್ಕೆ ಒರಗಿ ಕೂತು, ಎರಡೂ ಕೈಯ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಹೂವಿನ ದಳದಂತೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ ಹಿಡಿಯಿರಿ. ನೋವಾಗುವಷ್ಟಲ್ಲ. ಒಂದು ನಿಮಿಷ ಎಣಿಸಿ. ಬೆರಳು ಜಾಗ ಬದಲಿಸಿ ಇನ್ನೊಂದು ನಿಮಿಷ. ಗುಳಿ ಬಿದ್ದು ಕಪ್ಪು ಭಾಗ ಮೆತ್ತಗಾಗುತ್ತದೆ, ತೊಟ್ಟು ಎದ್ದು ನಿಲ್ಲುತ್ತದೆ. ತಕ್ಷಣ ಮಗುವಿನ ಬಾಯಿಗೆ. ಆಗಲೂ ಆಗದಿದ್ದರೆ ಮೆತ್ತಗಾಗುವಷ್ಟು ಮಾತ್ರ ಕೈಯಲ್ಲಿ ಹಿಂಡಿ. ಹೆಬ್ಬೆರಳು, ತೋರುಬೆರಳು ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ. ಮೊದಲು ಎದೆಯ ಕಡೆ ಒತ್ತಿ, ಆಮೇಲೆ ಬೆರಳು ಬೆರಳನ್ನು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಕೊಟ್ಟಾದ ಮೇಲೆ ಬಟ್ಟೆಯಲ್ಲಿ ಸುತ್ತಿದ ತಂಪು ಹತ್ತು ನಿಮಿಷ. ಇಪ್ಪತ್ನಾಲ್ಕು ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಮಗು ಕುಡಿಯುತ್ತ ಹೋದರೆ ಒಂದೆರಡು ದಿನದಲ್ಲಿ ಹದಕ್ಕೆ ಬರುತ್ತದೆ.

ಪ್ರಶ್ನೆ: ಮೇಡಂ, ನಾನು ತಂದೆ. ಹೆಂಡತಿ ನಿದ್ದೆಯಿಲ್ಲದೆ ಸೊರಗಿದ್ದಾಳೆ. ರಾತ್ರಿ ಒಂದು ಬಾಟಲಿ ಫಾರ್ಮುಲಾ ನಾನು ಕೊಟ್ಟು ಅವಳನ್ನು ಮಲಗಲು ಬಿಡಲೇ? ಮಗುವಿಗೆ ಎರಡು ವಾರ.

ಉತ್ತರ: ನಿಮ್ಮ ಮನಸ್ಸು ಒಳ್ಳೆಯದಪ್ಪಾ, ಹೊತ್ತು ಮಾತ್ರ ಸರಿಯಿಲ್ಲ. ಹಾಲು ಮಾಡುವ ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತಿನಲ್ಲೇ ಹೆಚ್ಚು. ಈ ವಾರಗಳಲ್ಲಿ ರಾತ್ರಿಯ ಹೊತ್ತು ತಪ್ಪಿಸುತ್ತ ಹೋದರೆ ಎದೆಗೆ 'ಇಷ್ಟು ಬೇಡ' ಅಂತ ಸುದ್ದಿ ಹೋಗುತ್ತದೆ, ಅವಳು ಎದೆ ಬಿಗಿದು ಎಚ್ಚರವಾಗುವುದೂ ತಪ್ಪುವುದಿಲ್ಲ. ರಾತ್ರಿ ಮಗುವನ್ನು ಎತ್ತಿ ಅವಳ ಪಕ್ಕ ತಂದು ಮಲಗಿಸಿ, ಕುಡಿದ ಮೇಲೆ ತೇಗಿಸಿ, ಬಟ್ಟೆ ಬದಲಾಯಿಸಿ, ಮತ್ತೆ ಮಲಗಿಸಿ. ಅವಳ ಪಾಲಿಗೆ ಹಾಲು ಕೊಡುವುದೊಂದೇ ಇರಲಿ. ಬೆಳಗಿನ ಹೊತ್ತು ಕುಡಿಸಿದ ಕೂಡಲೇ ಮಗುವನ್ನು ಎದೆಗವಚಿಕೊಂಡು ಎರಡು ಗಂಟೆ ಆಚೆ ಹೋಗಿ, ಅವಳ ಕೋಣೆಯ ಬಾಗಿಲು ಹಾಕಿ. ನೋಡಲು ಬರುವವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವ ನಿಷ್ಠುರ ನಿಮ್ಮ ತಲೆ ಮೇಲಿರಲಿ. ಒದ್ದೆ ಬಟ್ಟೆಯ ಲೆಕ್ಕವನ್ನೂ ನೀವೇ ಬರೆಯಿರಿ. ಲೆಕ್ಕ ಇಡುವ ಗಂಡಸರು ಆಮೇಲೆ 'ಹಾಲು ಸಾಲುತ್ತಿಲ್ಲವೇನೋ' ಅನ್ನುವುದಿಲ್ಲ, ಕಂಡಿದ್ದೇನೆ.

ಇಷ್ಟಾದ ಮೇಲೂ ಅವಳಿಗೆ ಆಗುತ್ತಿಲ್ಲ, ಒಂದು ಹೊತ್ತು ಫಾರ್ಮುಲಾ ಬೇಕೇಬೇಕು ಅಂತ ಇಬ್ಬರೂ ಕೂತು ತೀರ್ಮಾನಿಸಿದರೆ ನಾನು ಬೈಯುವವಳಲ್ಲ. ಆದರೆ ಸರಿಯಾಗಿ ಕಲೆಸಿ. ಪುಡಿಯಲ್ಲಿ ಕ್ರಿಮಿ ಇರಬಹುದು, ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಮೇಲೆ ಆರಿಸಿ ಕುಡಿಸಿ. ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ನೀರು ಜಾಸ್ತಿ ಬೇಡ, ಪುಡಿ ಜಾಸ್ತಿ ಬೇಡ, ಉಳಿದದ್ದನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ. ಹಿಂಡಿದ ಎದೆಹಾಲಾದರೆ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಬದಿಯಲ್ಲಿ ನಾಲ್ಕು ದಿನ ಇಡಬಹುದು. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ಹಾಲು ಕೊಡಿ ಅಂತ ಆಸ್ಪತ್ರೆಯಲ್ಲೇ ಹೇಳುತ್ತಿದ್ದರು. ನನ್ನ ಸೊಸೆ ಗಂಟೆಗೊಮ್ಮೆ ಕೊಡುತ್ತಾಳೆ. ನಡುವೆ ಮಗುವಿನ ಬಾಯಿ ಒಣಗೀತು ಅಂತ ನಾನು ಒಂದು ಚಮಚ ನೀರು ಹಾಕಹೋದರೆ ತಡೆದಳು. ನಾನು ತಪ್ಪೇ?

ಉತ್ತರ: ಆಸ್ಪತ್ರೆಯಲ್ಲಿ ಹಾಗೆ ಹೇಳುತ್ತಿದ್ದದ್ದು ನಿಜ, ಹೇಳಿದವರಲ್ಲಿ ನಾನೂ ಒಬ್ಬಳು. ಗಡಿಯಾರ ನಮ್ಮ ಡ್ಯೂಟಿಗೆ ಅನುಕೂಲವಾಗಿತ್ತೇ ಹೊರತು ಮಗುವಿಗಲ್ಲ. ಕೈ ಬಾಯಿಗೆ ಒಯ್ಯುವುದು, ನಾಲಿಗೆ ಚಾಚುವುದು, ತಲೆ ಹೊರಳಿಸಿ ಹುಡುಕುವುದು ಇವೇ ಹಸಿವಿನ ಗಂಟೆ. ಅಳುವವರೆಗೆ ಕಾದರೆ ತಡವಾಯಿತು, ಅಳುವ ಮಗುವಿಗೆ ನಾಲಿಗೆ ಮೇಲಕ್ಕೆ ಕಟ್ಟಿಕೊಂಡು ಸರಿಯಾಗಿ ಹಿಡಿಯಲಾಗುವುದಿಲ್ಲ. ನೀರಿನ ವಿಷಯದಲ್ಲಿ ಸೊಸೆ ಹೇಳಿದ್ದೇ ಸರಿ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ. ಆರು ತಿಂಗಳು ತುಂಬುವವರೆಗೆ ಎಂಥ ಬಿಸಿಲಿಗೂ ಬೇರೆ ನೀರು ಬೇಡ. ಕೊಟ್ಟರೆ ಆ ಜಾಗದಲ್ಲಿ ಹಾಲು ಕಡಿಮೆಯಾಗುತ್ತದೆ, ಜೊತೆಗೆ ಸೋಂಕಿನ ದಾರಿ ತೆರೆಯುತ್ತದೆ. ನೀರಿನ ಲೋಟ ಹಿಡಿದ ಕೈ ಹೇಗೂ ಮುಂದಿದೆಯಲ್ಲ, ಅದನ್ನು ಸೊಸೆಗೆ ಕೊಡಿ. ಹಾಲೂಡಿಸುವಾಗ ಬಾಯಾರುವುದು ಅವಳಿಗೆ.

ಪ್ರಶ್ನೆ: ಮೂರನೇ ವಾರ. ಎಡ ಎದೆಯಲ್ಲಿ ಕೆಂಪು ಪಟ್ಟೆ, ಗಂಟು, ನಿನ್ನೆಯಿಂದ ಚಳಿಜ್ವರ, 38.6 ಡಿಗ್ರಿ ಸೆಲ್ಸಿಯಸ್. ಹಾಲು ಕೆಟ್ಟಿದೆ, ಆ ಕಡೆ ಕೊಡಬೇಡ ಅಂತಾರೆ. ಬಿಸಿ ಶಾಖ ಕೊಟ್ಟು ಗಂಟನ್ನು ಜೋರಾಗಿ ತಿಕ್ಕಿದೆ, ಇನ್ನೂ ಹೆಚ್ಚಾಯಿತು.

ಉತ್ತರ: ಮೊದಲು ತಿಕ್ಕುವುದು ನಿಲ್ಲಿಸಿ. ಇದನ್ನು ಬರೆಯಲು ನನಗೆ ಮುಜುಗರವೇ, ಯಾಕೆಂದರೆ ಬಿಸಿ ಶಾಖ, ಜೋರು ಮಾಲೀಸು, ಖಾಲಿಯಾಗುವವರೆಗೆ ಹಿಂಡುವುದು ಅಂತ ನೂರಾರು ತಾಯಂದಿರಿಗೆ ಹೇಳಿಕೊಟ್ಟವಳು ನಾನು. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಅನ್ನುವ ವೈದ್ಯರ ಸಂಸ್ಥೆ 2022ರಲ್ಲಿ ತನ್ನ ಸೂಚನೆಯನ್ನೇ ತಿರುಗಿಸಿ ಬರೆಯಿತು. ಒಳಗೆ ಬಾವು ಬಂದು ಹಾಲಿನ ನಾಳಗಳನ್ನು ಅಮುಕಿರುತ್ತದೆ. ತಿಕ್ಕಿದರೆ ಬಾವು ಹೆಚ್ಚುತ್ತದೆ, ಹೆಚ್ಚು ಹಿಂಡಿದರೆ ಹಾಲೂ ಹೆಚ್ಚಿ ಮತ್ತೆ ಕಟ್ಟುತ್ತದೆ. ತಂಪು ಇಡಿ. ಎಂದಿನಷ್ಟೇ ಕೊಡಿ, ಹೆಚ್ಚುವರಿ ಪಂಪ್ ಬೇಡ. ಆ ಬದಿಯ ಹಾಲು ಕೆಟ್ಟಿಲ್ಲ, ಮಗು ಧಾರಾಳವಾಗಿ ಕುಡಿಯಬಹುದು, ಏಕಾಏಕಿ ನಿಲ್ಲಿಸಿದರೇ ತೊಂದರೆ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಹಾಲೂಡಿಸುವವರಿಗೆ ನಡೆಯುತ್ತವೆ. ಹೊಟ್ಟೆಹುಣ್ಣು, ಅಲರ್ಜಿ ಇದ್ದರೆ ಕೇಳಿಕೊಂಡು ತೆಗೆದುಕೊಳ್ಳಿ. ನಿಮಗೆ ನಿನ್ನೆಯಿಂದ ಜ್ವರವಿದೆ ಅಂದಮೇಲೆ ಕಾಯುವ ದಿನ ಮುಗಿದಿದೆ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ಆಂಟಿಬಯೋಟಿಕ್ ಬರೆದರೆ ಪೂರ್ತಿ ಮುಗಿಸಿ. ಅದನ್ನು ಶುರುಮಾಡಿ ಎರಡು ದಿನವಾದರೂ ಗಂಟು ಕರಗದೆ, ಒಳಗೆ ನೀರು ತುಂಬಿದ ಹಾಗೆ ಮೆತ್ತಗಾದರೆ ಕೀವಾಗಿರಬಹುದು, ಸ್ಕ್ಯಾನ್ ಮಾಡಿಸಬೇಕು.

ಪ್ರಶ್ನೆ: ಹೇಳಿಕೊಳ್ಳಲು ನಾಚಿಕೆ. ಮಗು ಸೀಪಲು ಶುರುಮಾಡಿ ಹಾಲು ಇಳಿಯುವ ಮುಂಚಿನ ಒಂದು ನಿಮಿಷ ಎದೆಯೊಳಗೆ ಏನೋ ಕುಸಿದ ಹಾಗೆ, ಬದುಕೇ ಬೇಡ ಅನ್ನುವಂಥ ದುಗುಡ. ಆಮೇಲೆ ಸರಿಹೋಗುತ್ತದೆ. ನಾನು ಕೆಟ್ಟ ತಾಯಿಯೇ?

ಉತ್ತರ: ಅಲ್ಲ. ಇದು ನಿಮ್ಮ ಮನಸ್ಸು ಮಾಡುತ್ತಿರುವುದಲ್ಲ, ಹಾಲು ಇಳಿಯುವ ಹೊತ್ತಿನ ಹಾರ್ಮೋನಿನ ಏರಿಳಿತ. ಇದನ್ನು ಗುರುತಿಸಿ ಒಂದು ಹೆಸರೂ ಇಟ್ಟಿದ್ದಾರೆ, ನಿಮ್ಮಂತೆ ಬೇರೆ ತಾಯಂದಿರಿಗೂ ಆಗುತ್ತದೆ. ಹಾಗಾಗುತ್ತದೆ ಅಂತ ಮೊದಲೇ ಗೊತ್ತಿದ್ದು, ಆ ಒಂದು ನಿಮಿಷ ನೀರು ಕುಡಿಯುತ್ತಲೋ ಯಾರೊಂದಿಗಾದರೂ ಮಾತಾಡುತ್ತಲೋ ಇದ್ದರೆ ಎಷ್ಟೋ ಜನರಿಗೆ ಹಗುರಾಗಿದೆ. ಆದರೆ ಆ ದುಗುಡ ನಿಮಿಷಕ್ಕೆ ಮುಗಿಯದೆ ದಿನವಿಡೀ ಇದ್ದರೆ, ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದು ಬಾಣಂತಿ ಖಿನ್ನತೆ, ಅದಕ್ಕೆ ಚಿಕಿತ್ಸೆಯಿದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. 'ಬದುಕೇ ಬೇಡ' ಅನ್ನುವುದು ಆ ನಿಮಿಷದಾಚೆಗೂ ಬಂದರೆ, ಒಂದೇ ಸಲ ಬಂದರೂ, ಮನೆಯವರನ್ನು ಎಬ್ಬಿಸಿ ಹೇಳಿ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ನನಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ.

ಪ್ರಶ್ನೆ: ಎಂಟು ದಿನದ ಮಗು ಬಹಳ ಒಳ್ಳೆಯವನು, ಅಳುವುದೇ ಇಲ್ಲ, ಐದಾರು ಗಂಟೆ ಒಂದೇ ಸಮ ಮಲಗುತ್ತಾನೆ. ಸ್ವಲ್ಪ ಹಳದಿ ಕಾಣುತ್ತಾನೆ ಅಷ್ಟೇ. ಎಬ್ಬಿಸಬೇಕೇ?

ಉತ್ತರ: ಎಬ್ಬಿಸಬೇಕು, ಇವತ್ತೇ ಡಾಕ್ಟರಿಗೆ ತೋರಿಸಲೂಬೇಕು. ವಾರ್ಡಿನಲ್ಲಿ ನಮಗೆ ಹೆದರಿಕೆ ಇದ್ದದ್ದು ಅಳುವ ಮಕ್ಕಳದ್ದಲ್ಲ, ಇಂಥ 'ಒಳ್ಳೆಯ' ಮಕ್ಕಳದ್ದು. ಹಾಲು ಸಾಲದಿದ್ದರೆ ಮಲ ಕಡಿಮೆ, ಮಲ ಕಡಿಮೆಯಾದರೆ ಕಾಮಾಲೆಯ ಹಳದಿ ಹೊರಹೋಗುವುದಿಲ್ಲ, ಹಳದಿ ಏರಿದರೆ ಮಂಪರು, ಮಂಪರಿನಲ್ಲಿ ಇನ್ನೂ ಕುಡಿಯುವುದಿಲ್ಲ. ಹೊದಿಕೆ ತೆಗೆದು, ಅಂಗಾಲು ತಿಕ್ಕಿ, ಬರೀ ಮೈಯನ್ನು ನಿಮ್ಮ ಬರೀ ಎದೆಗೆ ಒತ್ತಿ ಮಲಗಿಸಿ, ಎರಡು ಮೂರು ಗಂಟೆಗೊಮ್ಮೆ ಕುಡಿಸಿ. ಹಳದಿ ಕಾಲಿನವರೆಗೆ ಇಳಿದಿದ್ದರೆ, ಎಂಟು ಗಂಟೆ ಉಚ್ಚೆ ಆಗದಿದ್ದರೆ, ಎಬ್ಬಿಸಿದರೂ ಬಾಯಿ ತೆರೆಯದಿದ್ದರೆ, ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಹೊರಡಿ.

ಪ್ರಶ್ನೆ: ಮಗುವಿಗೆ ಐದು ವಾರ. ಕಲ್ಲಿನಂತಿದ್ದ ಎದೆ ಈಗ ಮೆತ್ತಗಾಗಿದೆ, ಹಾಲು ಸೋರುವುದೂ ನಿಂತಿದೆ. ಬತ್ತಿತೇ?

ಉತ್ತರ: ಇಲ್ಲ. ಎದೆಗೆ ಮಗುವಿನ ಲೆಕ್ಕ ಸಿಕ್ಕಿದೆ, ಅಷ್ಟೇ. ನಾಳೆ ಬೆಳಗಿನವರೆಗೆ ಬಟ್ಟೆ ಎಣಿಸಿ. ಆರು ಒದ್ದೆಯಾದರೆ ನನಗೆ ಮತ್ತೆ ಪತ್ರ ಬರೆಯಬೇಡಿ, ಆ ಹೊತ್ತಿನಲ್ಲಿ ಮಲಗಿ.